ಮೊಣಕಾಲುದ್ದ ನೀರಿನ ಭಾವ

ನಮ್ಮ ಭಾವ ಒಂದು ಬೆಳಿಗ್ಗೆ ಹನ್ನೆರಡು ನಿಮಿಷ ಉಸಿರು ಬಿಗಿಹಿಡಿದು ಬೆನ್ನಟ್ಟಿದ್ದು ತಮ್ಮದೇ ಪ್ಯಾಂಟನ್ನು.

ಪ್ಯಾಂಟು ನೀರಿನಲ್ಲಿತ್ತು. ಹಿಂದಿನ ವಾರ ಹಿತ್ತಲಿನ ಹಗ್ಗದಿಂದ ಹಾರಿಹೋಗಿ, ಉಬ್ಬರದ ಜೊತೆ ಒಂದಷ್ಟು ಊರು ತಿರುಗಿ, ಕೊನೆಗೆ ಸೊಂಟದ ಭಾಗ ಮರಳಿನಲ್ಲಿ ಹೂತುಕೊಂಡು ಎರಡೂ ಕಾಲುಗಳನ್ನು ಹರಿವಿನಲ್ಲಿ ನಿಧಾನವಾಗಿ ಆಡಿಸುತ್ತಿತ್ತು. ಭಾವ ದೋಣಿಯ ಹಿಂಭಾಗದ ಅಟ್ಟಣೆಯ ಮೇಲಿನಿಂದ ಪಿಸುಗುಟ್ಟಿದರು: "ಡಾಕ್ಟ್ರೇ, ಜೋಡಿ ಇದೆ. ಹನ್ನೊಂದು ಗಂಟೆ, ನಲವತ್ತಡಿ. ಅಲ್ಲಾಡ್ಬೇಡಿ."

ದೋಣಿಯ ಮೂತಿಯಲ್ಲಿ ಗಾಳದ ಕೋಲು ಹಿಡಿದು ನಿಂತಿದ್ದವರು ಹಲ್ಲಿನ ಡಾಕ್ಟರು, ಹನ್ನೊಂದು ವರ್ಷದ ಗಿರಾಕಿ. ಈ ಕಸುಬಿನಲ್ಲಿ ಗಡಿಯಾರಕ್ಕೆ ಬೇರೆಯೇ ಕೆಲಸವಿದೆ. ದೋಣಿಯ ಮೂತಿ ನೆಟ್ಟಗೆ ಹನ್ನೆರಡು ಗಂಟೆ, ಬಲಕ್ಕೆ ಮೂರು, ಎಡಕ್ಕೆ ಒಂಬತ್ತು. ಹಿಂದೆ ಎತ್ತರದಲ್ಲಿ ನಿಂತವನು ಮೀನು ನೋಡಿ ಗಂಟೆ ಹೇಳಬೇಕು, ಮುಂದೆ ನಿಂತವನು ಆ ಗಂಟೆಗೆ ಗಾಳ ಎಸೆಯಬೇಕು. ಹೊಸ ಗಿರಾಕಿಯೊಬ್ಬರು ಒಮ್ಮೆ 'ಎರಡು ಗಂಟೆ' ಎಂದಾಗ ವಾಚು ನೋಡಿಕೊಂಡು, "ಇಲ್ಲಾರೀ, ಇನ್ನೂ ಒಂಬತ್ತೂವರೆ" ಎಂದಿದ್ದರಂತೆ.

ಮೂರನೆಯ ಎಸೆತಕ್ಕೆ ದಾರ ಬಿಗಿಯಾಯಿತು.

"ಸಿಕ್ತು! ಭಾರಿ ಇದೆ ಕಣ್ರೀ!"

"ಎಳೀಬೇಡಿ, ದಾರ ಬಿಡಿ, ಓಡ್ಲಿ."

"ಓಡ್ತಾ ಇಲ್ಲ."

"ಯೋಚ್ನೆ ಮಾಡ್ತಿರ್ಬೇಕು. ತಾಳಿ."

ಡಾಕ್ಟರು ತಾಳಿದರು. ಅವರ ಕೈಯಲ್ಲಿದ್ದದ್ದು ಪೆನ್ಸಿಲಿಗಿಂತ ಸ್ವಲ್ಪ ದಪ್ಪದ ಕೋಲು, ಹೊಲಿಗೆ ನೂಲಿನಂಥ ದಾರ. ಅವಸರ ಮಾಡಿದರೆ ಎರಡೂ ಉಳಿಯುವುದಿಲ್ಲ. ಐದು ನಿಮಿಷ ಹೀಗೆ ಹಗುರವಾಗಿ ಸೆಣಸಿ ಮೇಲೆತ್ತಿದಾಗ ಬಂದದ್ದು ಖಾಕಿ ಪ್ಯಾಂಟು. ಮೊಣಕಾಲಿಗೆ ನೀಲಿ ದಾರದಲ್ಲಿ ನಮ್ಮಕ್ಕ ಹಾಕಿದ ತೇಪೆ. ಡಾಕ್ಟರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಜಿಪ್ಪಿನ ಹತ್ತಿರ ಬಗ್ಗಿ, "ಕೆಳಗಡೆ ಎರಡು ಹಲ್ಲು ಹೋಗಿದೆ" ಎಂದರು.

ಇಬ್ಬರೂ ನಕ್ಕರು. ಡಾಕ್ಟರು ಮೊದಲು ನಗು ನಿಲ್ಲಿಸಿದರು. ಪ್ಯಾಂಟನ್ನು ನಲವತ್ತು ಅಡಿಯಿಂದ ಮೀನು ಎನ್ನುವುದು ಯಾರಿಗಾದರೂ ಆಗುವ ತಪ್ಪು. ಹತ್ತು ಅಡಿಗೆ ಬಂದ ಮೇಲೂ ಭಾವ "ದೊಡ್ಡದೇ ಸಿಕ್ಕಿದೆ, ಹೊಟ್ಟೆ ನೋಡಿ" ಎಂದಿದ್ದರು.

ಭಾವ ಈ ಕೆಲಸಕ್ಕೆ ಬಂದು ಇಪ್ಪತ್ತೆರಡು ವರ್ಷ. ನಮ್ಮೂರ ಸಮುದ್ರ ಬಹಳ ದೂರದವರೆಗೆ ಸಮುದ್ರವೇ ಅಲ್ಲ. ದಡದಿಂದ ಮೂರು ಕಿಲೋಮೀಟರು ಮೊಣಕಾಲುದ್ದ ನೀರು. ತಳದಲ್ಲಿ ಬಿಳಿ ಮರಳು, ಅಲ್ಲಲ್ಲಿ ಕಪ್ಪು ಹುಲ್ಲು. ಇಲ್ಲಿ ಬಲೆಯವರಿಗೆ ಕೆಲಸವಿಲ್ಲ, ಇಂಜಿನ್ನಿಗೂ ಕೆಲಸವಿಲ್ಲ. ಸದ್ದು ಮಾಡಿದರೆ ಮೀನು ಪರಾರಿ. ಚಪ್ಪಟೆ ತಳದ ದೋಣಿಯನ್ನು ಉದ್ದನೆಯ ಗಳದಿಂದ ಮೆಲ್ಲಗೆ ಒತ್ತುತ್ತಾ, ಕಣ್ಣಿಗೆ ಕಾಣುವ ಮೀನನ್ನೇ ಹುಡುಕಿ, ಅದರ ಮೂಗಿನ ಮುಂದೆ ಗರಿ ಮತ್ತು ದಾರ ಸುತ್ತಿ ಮಾಡಿದ ಸುಳ್ಳು ಏಡಿಯನ್ನು ಬೀಳಿಸಬೇಕು. ಗಳ ಭಾವನದು, ಗಾಳ ಗಿರಾಕಿಯದು, ಗೋಳು ಅಕ್ಕನದು. ಹಿಡಿದ ಮೀನನ್ನು ಒಂದು ಫೋಟೋ ತೆಗೆದು ವಾಪಸು ನೀರಿಗೇ ಬಿಡುತ್ತಾರೆ. "ಬಿಡೋಕೆ ಅಂತ ಹಿಡಿಯೋದ್ಯಾಕೆ?" ಎಂದು ಊರಿನವರು ಈಗಲೂ ಕೇಳುತ್ತಾರೆ. "ನೀವು ಸಿನಿಮಾ ನೋಡಿ ಪರದೆ ಮನೆಗೆ ತರ್ತೀರಾ?" ಎಂದು ಭಾವ ಕೇಳುತ್ತಾರೆ. ಊರಿನವರಿಗೆ ಇದು ಉತ್ತರವೆಂದು ಇನ್ನೂ ಅನ್ನಿಸಿಲ್ಲ.

ಭಾವನ ಮೀನುಗಳಿಗೆ ಪುಸ್ತಕದ ಹೆಸರಿಲ್ಲ. ಉಬ್ಬರದ ಮೊದಲ ಗಂಟೆಗೆ ತಪ್ಪದೆ ಬಂದು, ಮರಳಿನ ಬಣ್ಣದ ಮೈ ಹೊತ್ತು, ಒಂದೊಂದು ಗುಂಡಿಯಲ್ಲೂ ಇಣುಕಿ ಮುಂದೆ ಹೋಗುವ ತೆಳ್ಳನೆಯ ಮೀನು ಪೋಸ್ಟ್‌ಮ್ಯಾನ್. ಬೇಸಿಗೆಯಲ್ಲಿ ಬಂದು, ಗಾಳ ಚುಚ್ಚಿದ ಕೂಡಲೇ ಆಳೆತ್ತರ ನೆಗೆದು ದಾರ ಹರಿದುಕೊಂಡು ಹೋಗುವ ಉದ್ದ ಮೀನು ಪೈಲ್ವಾನ್. ತಟ್ಟೆಯಷ್ಟು ಅಗಲದ, ಏಡಿ ಬಿಟ್ಟರೆ ಬೇರೆಯದನ್ನು ಮುಟ್ಟದ, ವರ್ಷಕ್ಕೊಂದೇ ಕಾಲದಲ್ಲಿ ಬರುವ ಮೀನು ಬೀಗರು.

"ಬೀಗರು ಯಾಕೆ ಭಾವ?" ಎಂದು ನಾನು ಒಮ್ಮೆ ಕೇಳಿದ್ದೆ.

"ಬರೋಕೆ ಮುಂಚೆ ವಾರಗಟ್ಲೆ ಕಾಯಿಸ್ತಾವೆ. ಬಂದ್ಮೇಲೆ ಇಟ್ಟಿದ್ದನ್ನ ಮೂಸಿ ನೋಡಿ ಮುಖ ತಿರುಗಿಸ್ತಾವೆ. ಒಂದು ಪಾತ್ರೆ ಸದ್ದಾದ್ರೆ ಸಾಕು, ಎದ್ದು ಹೊರಟೇಬಿಡ್ತಾವೆ."

"ನಮ್ಮ ಕಡೆಯವ್ರನ್ನ ಅಂದಿದ್ದಾ?" ಎಂದು ಅಕ್ಕ ಒಳಗಿನಿಂದ ಕೇಳಿದಳು.

"ಮೀನನ್ನ ಕಣೇ."

"ಮೀನನ್ನ ಅಂದ್ರೆ ಸರಿ."

ಯಾವ ಮೀನು ಯಾವಾಗ, ಎಲ್ಲಿ ಎನ್ನುವುದು ಅಡುಗೆಮನೆಯ ಬಾಗಿಲ ಹಿಂದಿನ ಗೋಡೆ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಚೌಕದಂತೆ ಬರೆದಿರುತ್ತದೆ. ಚಳಿಗಾಲದಲ್ಲಿ ಬೆಳಿಗ್ಗೆ ಹೋಗುವುದು ದಂಡ. ತೆಳುನೀರು ಬೇಗ ತಣ್ಣಗಾಗುತ್ತದೆ, ಮೀನು ಆಳದ ಕಾಲುವೆಗೆ ಇಳಿದಿರುತ್ತದೆ. ಹನ್ನೊಂದರ ಬಿಸಿಲಿಗೆ ಕಪ್ಪು ಹುಲ್ಲಿನ ತಳ ಕಾದ ಮೇಲೆ, ಮೈ ಬೆಚ್ಚಗೆ ಮಾಡಿಕೊಳ್ಳಲು ಒಂದೊಂದಾಗಿ ಮೇಲೆ ಬರುತ್ತದೆ. ಬೇಸಿಗೆಯಲ್ಲಿ ಇದೇ ಮಾತು ತಲೆಕೆಳಗು: ಹೊತ್ತು ಹುಟ್ಟುವಾಗ ಮತ್ತು ಇಳಿಯುವಾಗ ಮೀನು, ಮಧ್ಯಾಹ್ನದ ನೀರು ಸ್ನಾನಕ್ಕೆ ಕಾಯಿಸಿದ್ದರ ಹಾಗೆ. ಮಳೆಗಾಲದಲ್ಲಿ ಹೊಳೆಯ ಕೆಂಪು ನೀರು ಬಂದು ಉಪ್ಪು ತೆಳುವಾದಾಗ ಎಲ್ಲವೂ ಹೊರಗಿನ ಅಂಚಿಗೆ ಸರಿಯುತ್ತವೆ. ಮಳೆ ನಿಂತು ನೀರು ತಿಳಿಯಾದ ಮೇಲೆ ಮರಿಮೀನುಗಳ ಹಿಂಡು, ಅವುಗಳ ಹಿಂದೆ ಹಸಿದವರೆಲ್ಲರೂ. ಚಳಿ ಪೂರ್ತಿ ಮುಗಿದು, ಏಡಿಗಳು ಹಳೆಯ ಚಿಪ್ಪು ಕಳಚಿ ಮೆತ್ತಗಿರುವ ತಿಂಗಳಲ್ಲಿ, ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಉಬ್ಬರಗಳಿಗೆ ಬೀಗರು.

ಭಾವ ಮಾತಿಗೆ ಬಡವರು. ಭಾವ ಎಂದು ಹೆಸರಿದ್ದರೂ ಮುಖದಲ್ಲಿ ಭಾವ ಎನ್ನುವುದು ಕಾಣುವುದಿಲ್ಲ. ಪ್ಯಾಂಟಿನ ವಿಷಯವನ್ನು ಅವರು ಮನೆಯಲ್ಲಿ ಹೇಳಲಿಲ್ಲ. ಪ್ಯಾಂಟನ್ನು ಮಾತ್ರ ತಂದು ಹಗ್ಗಕ್ಕೆ ಹಾಕಿದರು. ಎರಡು ಕ್ಲಿಪ್ಪು ಹಾಕಿದರು.

ಹೇಳಿದವರು ಡಾಕ್ಟರು. ಅಕ್ಕ ಕೆಲಸ ಮಾಡುವ ಬಸ್ ಡಿಪೋಗೆ ಹುಡುಕಿಕೊಂಡು ಹೋಗಿದ್ದರು. ಅಕ್ಕ ಅಲ್ಲಿ ಟೈಮ್‌ಟೇಬಲ್ ವಿಭಾಗದಲ್ಲಿದ್ದಾಳೆ. ಎಪ್ಪತ್ತು ಬಸ್ಸುಗಳಲ್ಲಿ ಯಾವುದನ್ನು ಯಾವಾಗ ಸರ್ವೀಸಿಗೆ ಒಳಗೆ ತಂದರೆ ಒಂದು ಟ್ರಿಪ್ಪೂ ತಪ್ಪುವುದಿಲ್ಲ ಎಂದು ಸಂದು ಹುಡುಕುವುದೇ ಅವಳ ಕೆಲಸ.

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ಅವ್ರಿಗೆ ಕಣ್ಣು ಕಾಣ್ತಿಲ್ಲ," ಎಂದರಂತೆ ಡಾಕ್ಟರು.

"ಯಾವಾಗ್ಲಿಂದ?"

"ಅದೇ ನನಗೂ ಆಶ್ಚರ್ಯ. ಕಳೆದೆರಡು ವರ್ಷ ನಾನು ಹಿಡಿದಷ್ಟು ಮೀನು ಯಾವತ್ತೂ ಹಿಡಿದಿಲ್ಲ."

ಅಕ್ಕ ಸಂಜೆ ಮನೆಗೆ ಬಂದು, ಭಾವನನ್ನು ಬಾಗಿಲ ಹತ್ತಿರ ನಿಲ್ಲಿಸಿ, ಅಡುಗೆಮನೆಯ ಆ ತುದಿಯಲ್ಲಿ ನಿಂತು ಎರಡು ಬೆರಳು ಎತ್ತಿದಳು.

"ಎಷ್ಟು?"

"ಏನೆಷ್ಟು?"

"ಬೆರಳು."

"ಐದು. ಮೊದಲಿಂದ್ಲೂ ಐದೇ ಅಲ್ವೇನೆ?"

ಮರುದಿನ ಕಣ್ಣಾಸ್ಪತ್ರೆ. ಜೊತೆಗೆ ನಾನೂ ಹೋಗಿದ್ದೆ, ಓಡಿಹೋಗದಂತೆ ನೋಡಿಕೊಳ್ಳಲು. ಕಣ್ಣಿನ ಡಾಕ್ಟರಮ್ಮ ಎರಡೂ ಕಣ್ಣಿಗೆ ದೀಪ ಬಿಟ್ಟು ನೋಡಿ, ಪೊರೆ ಚೆನ್ನಾಗಿ ಬೆಳೆದಿದೆ ಎಂದರು. ಚೆನ್ನಾಗಿ ಎನ್ನುವ ಮಾತು ಕೇಳಿ ಭಾವನಿಗೆ ಸ್ವಲ್ಪ ಸಮಾಧಾನವಾದ ಹಾಗೆ ಕಂಡಿತು. ಆಪರೇಷನ್ ದೊಡ್ಡದೇನಲ್ಲ, ಒಂದು ಕಣ್ಣಾದ ಎರಡು ವಾರಕ್ಕೆ ಇನ್ನೊಂದು. ಆದರೆ ಮೊದಲ ಕಣ್ಣಿನಿಂದ ಹಿಡಿದು ಒಟ್ಟು ಆರು ವಾರ ಉಪ್ಪುನೀರಿನ ಹತ್ತಿರ ಸುಳಿಯಬಾರದು, ಗಳ ಮುಟ್ಟಬಾರದು, ಗಾಳಿಗೆ ಮುಖ ಒಡ್ಡಬಾರದು.

"ಯಾವಾಗ ಇಟ್ಕೊಳ್ಳೋಣ?" ಎಂದರು ಡಾಕ್ಟರಮ್ಮ.

"ಈಗ ಆಗಲ್ಲ ಮೇಡಂ, ಮರಿಮೀನಿನ ಕಾಲ," ಎಂದರು ಭಾವ. "ಆಮೇಲೆ ಚಳಿ ಮಧ್ಯಾಹ್ನ ಶುರುವಾಗುತ್ತೆ. ಅದಾದ್ಮೇಲೆ ಗಾಳಿವಾರಗಳು, ಬೀಗರು ಯಾವತ್ತು ಬೇಕಾದ್ರೂ ಬರಬಹುದು. ಆಮೇಲೆ ಬೀಗರೇ ಬಂದ್ಬಿಡ್ತಾರೆ. ಅವ್ರು ಹೋಗ್ತಿದ್ದ ಹಾಗೆ ಪೈಲ್ವಾನ್."

"ಪೈಲ್ವಾನ್ ಯಾಕ್ರೀ ಬರ್ತಾರೆ ನಿಮ್ಮನೇಗೆ?"

"ಮೀನು ಮೇಡಂ," ಎಂದೆ ನಾನು.

"ಹೀಗೆ ಮೀನ ಮೇಷ ಎಣಿಸ್ತಾ ಕೂತ್ರೆ ಆಗಲ್ಲ."

"ಮೇಷದ್ದು ಗೊತ್ತಿಲ್ಲ ಮೇಡಂ. ಮೀನ ಎಣಿಸೋದು ನನ್ನ ಕೆಲಸ."

ಡಾಕ್ಟರಮ್ಮ ಚೀಟಿ ಬರೆದು ಅಕ್ಕನ ಕೈಗೆ ಕೊಟ್ಟರು. ಭಾವನ ಕೈಗೆ ಕೊಡಲಿಲ್ಲ.

ಮುಂದೂಡಲು ಒಂದು ಕೊನೆಯೂ ಇತ್ತು. ದೋಣಿಯಲ್ಲಿ ಗಿರಾಕಿಗಳನ್ನು ಕರೆದೊಯ್ಯುವ ಲೈಸೆನ್ಸನ್ನು ಬಂದರು ಕಚೇರಿ ಐದು ವರ್ಷಕ್ಕೊಮ್ಮೆ ಹೊಸದು ಮಾಡುತ್ತದೆ. ಅದಕ್ಕೆ ಕಣ್ಣಿನ ಸರ್ಟಿಫಿಕೇಟು ಬೇಕು. ಭಾವನ ಲೈಸೆನ್ಸ್ ಮುಗಿಯುವುದು ಸರಿಯಾಗಿ ಏಡಿ ಚಿಪ್ಪು ಬಿಡುವ ತಿಂಗಳ ಮೊದಲ ವಾರ. ಅಷ್ಟರೊಳಗೆ ಕಣ್ಣು ಸರಿಯಾಗದಿದ್ದರೆ ಅಟ್ಟಣೆ ಹತ್ತುವ ಹಾಗಿಲ್ಲ. ಅಕ್ಕನ ಡಿಪೋದಲ್ಲಿ ಗೇಟಿನ ಹತ್ತಿರ ಬಸ್ ನಂಬರ್ ಬರೆದುಕೊಳ್ಳುವ ಒಂದು ಸ್ಟೂಲು ಖಾಲಿಯಿತ್ತು. ಬಸ್ಸಿನ ನಂಬರು ಅಡಿಯೆತ್ತರ ಇರುತ್ತದೆ, ಪೊರೆಯಿದ್ದರೂ ಓದಬಹುದು. ಅಕ್ಕ ಆ ಸ್ಟೂಲಿನ ವಿಷಯ ಒಂದೇ ಸಲ ಹೇಳಿದಳು. ಆ ಮೇಲೆ ಭಾವ ಎರಡು ದಿನ ಅವಳ ಜೊತೆ ಮಾತಾಡಲಿಲ್ಲ. ಅಕ್ಕನಿಗೆ ಅದು ಗೊತ್ತಾದದ್ದು ಮೂರನೆಯ ದಿನ.

ಆ ವಾರದಲ್ಲೇ ಒಂದು ಮಧ್ಯಾಹ್ನ ಹೋದಾಗ ಭಾವ ಜಗುಲಿಯಲ್ಲಿ ಕೂತು ಸುಳ್ಳು ಏಡಿ ಕಟ್ಟುತ್ತಿದ್ದರು. ಗಾಳದ ಕಣ್ಣಿಗೆ ದಾರ ಪೋಣಿಸಲು ನೋಡಿದರು. ದಾರ ಪಕ್ಕಕ್ಕೆ ಹೋಯಿತು. ನಾಲಿಗೆಯಲ್ಲಿ ಒದ್ದೆ ಮಾಡಿ ಮತ್ತೆ ನೋಡಿದರು. ಏಳೆಂಟು ಸಲ ಆದ ಮೇಲೆ ನನ್ನ ಕೈಗೆ ಕೊಟ್ಟರು. ನಾನು ಪೋಣಿಸಿ ಕೊಟ್ಟೆ.

"ಭಯಾನಾ ಭಾವ?"

"ಆಪರೇಷನ್‌ಗೇನಲ್ಲ," ಎಂದರು. ಸ್ವಲ್ಪ ಹೊತ್ತು ಗರಿ ಸುತ್ತಿದರು. "ಆರು ವಾರ ಗಿರಾಕಿಗಳು ಬೇರೆ ದೋಣಿ ಹತ್ತುತ್ತಾರೆ. ಹತ್ತಿದವ್ರು ಅಲ್ಲೇ ಉಳೀತಾರೆ. ಅಟ್ಟಣೆ ಮೇಲೆ ನಿಂತಿದ್ರೆ ನಾನು ಗೈಡು ಕಣಯ್ಯ. ಇಳಿದ್ರೆ ಮೊಣಕಾಲುದ್ದ ನೀರಲ್ಲಿ ನಿಂತಿರೋ ಒಬ್ಬ ಮುದುಕ. ಅಷ್ಟೇ."

ಭಾವನ ಬಾಯಲ್ಲಿ ಅಷ್ಟು ಉದ್ದದ ಮಾತನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಅದನ್ನು ಹಾಗೆಯೇ ಅಕ್ಕನಿಗೆ ಹೇಳಿದೆ. ಅಕ್ಕ ಕೇಳಿಸಿಕೊಂಡು, "ಮಂಚದ ಕೆಳಗಿನ ಟ್ರಂಕ್ ಎಳಿ" ಎಂದಳು.

ಟ್ರಂಕಿನಲ್ಲಿ ಇಪ್ಪತ್ತೆರಡು ವರ್ಷದ ಕ್ಯಾಲೆಂಡರುಗಳಿದ್ದವು. ಅಕ್ಕ ಅವನ್ನು ನಡುಮನೆಯ ನೆಲದ ಮೇಲೆಲ್ಲ ಹರಡಿ, ಡಿಪೋದ ದೊಡ್ಡ ಹಾಳೆಯೊಂದಕ್ಕೆ ಗೆರೆ ಹಾಕಿದಳು. ನಾವಿಬ್ಬರೂ ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಬೆರಳ ಗೆಣ್ಣಿಗೆ ಹೊಡೆದು ಕಲಿಸಿದ ಮಾರ್ಜಿನ್ ಗೆರೆ. ಐವತ್ತು ದಾಟಿದರೂ ಅಕ್ಕನ ಗೆರೆ ಕೂದಲೆಳೆಯಷ್ಟೂ ಓರೆಯಾಗುವುದಿಲ್ಲ. ದೋಣಿ ಹೊರಟ ದಿನಕ್ಕೆ ನೀಲಿ ಚುಕ್ಕೆ, ಮೀನು ಕಂಡ ದಿನಕ್ಕೆ ಕೆಂಪು. ನಾನು ಓದುವುದು, ಅವಳು ಚುಕ್ಕೆ ಇಡುವುದು. ಮೂರು ಭಾನುವಾರ ಹೋಯಿತು. ಸಮುದ್ರದ ಕಡೆ ಯಾವತ್ತೂ ತಲೆಹಾಕದ ಅಕ್ಕ ಎರಡನೆಯ ಭಾನುವಾರದ ಹೊತ್ತಿಗೆ, "ಇದು ತಪ್ಪು ಓದಿದ್ದೀಯ. ಅಷ್ಟು ಚಳಿಯಲ್ಲಿ ಬೆಳಿಗ್ಗೆ ಏಳಕ್ಕೆ ಪೋಸ್ಟ್‌ಮ್ಯಾನ್ ಬರಲ್ಲ, ಸಂಜೆ ಇರ್ಬೇಕು ನೋಡು" ಎನ್ನುವ ಮಟ್ಟಕ್ಕೆ ಬಂದಿದ್ದಳು. ನೋಡಿದರೆ ಸಂಜೆಯೇ.

ಕೆಲವು ಚೌಕಗಳಲ್ಲಿ ಸಂಸಾರವೂ ಇತ್ತು. 'ಮಗಳು ಹುಟ್ಟಿದಳು. ಇಳಿತ ಎಂಟಕ್ಕೆ. ಪೋಸ್ಟ್‌ಮ್ಯಾನ್ ಹದಿನಾಲ್ಕು.'

"ಮಗಳು ಹುಟ್ಟಿದ ದಿನ ಹೋಗಿ ಹದಿನಾಲ್ಕು ಮೀನು ನೋಡ್ಕೊಂಡು ಬಂದ್ರಾ ನೀವು?" ಎಂದಳು ಅಕ್ಕ.

"ನಿಂಗೆ ನೋವು ಶುರುವಾಗಿದ್ದು ಹನ್ನೊಂದಕ್ಕೆ ಕಣೇ," ಎಂದರು ಭಾವ ಬಾಗಿಲಲ್ಲಿ ನಿಂತು. ಒಳಗೆ ಬರಲು ನೆಲದಲ್ಲಿ ಜಾಗವಿರಲಿಲ್ಲ.

ಮೂರನೆಯ ಭಾನುವಾರ ಅಕ್ಕ ಹಾಳೆಯನ್ನು ಗೋಡೆಗೆ ಆನಿಸಿ ಹಿಡಿದಳು. ವರ್ಷದ ಉದ್ದಕ್ಕೂ ನೀಲಿ ಕೆಂಪು ಚುಕ್ಕೆಗಳ ಜಾತ್ರೆ. ಚಳಿ ಮುಗಿಯುವುದಕ್ಕೂ ಏಡಿ ತಿಂಗಳಿಗೂ ನಡುವೆ, ಮೇಲಿನಿಂದ ಕೆಳಗಿನವರೆಗೆ ಇಪ್ಪತ್ತೆರಡು ವರ್ಷಕ್ಕೂ, ಅಲ್ಲೊಂದು ಇಲ್ಲೊಂದು ನೀಲಿ ಚುಕ್ಕೆ ಬಿಟ್ಟರೆ, ಒಂದು ಬಿಳಿ ಪಟ್ಟಿ. ಸರಿಯಾಗಿ ಆರು ವಾರ.

"ಇದೇನು?" ಎಂದಳು.

ಭಾವನಿಗೆ ಪಟ್ಟಿ ಕಾಣಲಿಲ್ಲ. ಅಕ್ಕ ಅವರ ಬೆರಳು ಹಿಡಿದು ಹಾಳೆಯ ಮೇಲೆ ಇಟ್ಟಳು.

"ಅದು ಗಾಳಿವಾರ. ಒಳ್ಳೇ ಕಾಲ ಅದು. ಬೀಗರು ಬರೋ ಸಮಯ."

"ದೋಣಿ ಹೊರಟಿದ್ದು ಎಷ್ಟು ದಿನ ಗೊತ್ತಾ? ಇಪ್ಪತ್ತೆರಡು ವರ್ಷದಲ್ಲಿ ಮೂವತ್ತೊಂದು ದಿನ. ಬೀಗರು ಕಂಡಿದ್ದು ಸೊನ್ನೆ."

"ಬರೆದಿದ್ದೀನಲ್ಲ! ದಿನಾ ಬರೆದಿದ್ದೀನಿ!"

"ಏನಂತ ಬರೆದಿದ್ದೀರಿ? ಓದೋ."

ನಾನು ಓದಿದೆ. 'ಬೀಗರು ಬರಬಹುದು. ಗಾಳಿ ಜೋರು, ನಾಳೆ ಬರಬಹುದು. ಬರಬಹುದು. ಬರಬಹುದು. ಗಳಕ್ಕೆ ಎಣ್ಣೆ ಹಚ್ಚಿದೆ, ಬರಬಹುದು. ಖಂಡಿತ ಬರಬಹುದು.'

"ಖಂಡಿತ ಬರಬಹುದು ಅನ್ನೋದು ಯಾವ ಭಾಷೆ ರೀ?" ಎಂದಳು ಅಕ್ಕ. "ಆರುನೂರ ಹದಿನೆಂಟು ಸಲ ಬರಬಹುದು ಅಂತ ಬರೆದಿದ್ದೀರಿ. ನಮ್ಮ ಡಿಪೋದಲ್ಲಿ ಬರಬಹುದಾದ ಬಸ್ಸನ್ನ ಹಾಳೆಗೆ ಹಾಕಲ್ಲ. ಬಂದ ಬಸ್ಸನ್ನ ಹಾಕ್ತೀವಿ."

ತಪ್ಪು ಎಲ್ಲಾಗಿದೆ ಎಂದು ಹಾಗೆ ಗೊತ್ತಾಯಿತು. ಖಾಲಿ ಚೌಕ ಬಿಡಲು ಭಾವನಿಗೆ ಮನಸ್ಸು ಬರುತ್ತಿರಲಿಲ್ಲ, ಅದಕ್ಕೇ ಆಸೆಯನ್ನು ಬರೆಯುತ್ತಿದ್ದರು. ವರ್ಷ ಕಳೆದ ಮೇಲೆ ಕ್ಯಾಲೆಂಡರ್ ತಿರುವಿದರೆ ಚೌಕ ತುಂಬಿರುತ್ತಿತ್ತು; ತುಂಬಿದ ಚೌಕವೆಲ್ಲ ಅವರಿಗೆ ಮೀನಿನ ಕಾಲ. ಅವರ ವರ್ಷದಲ್ಲಿ ಬಿಡುವೇ ಇಲ್ಲದ್ದು ಹೀಗೆ. ಭಾವ ಬೆರಳನ್ನು ಆ ಬಿಳಿ ಪಟ್ಟಿಯ ಮೇಲೆ ಮೇಲಿನಿಂದ ಕೆಳಗೆ ಒಂದು ಸಲ ಎಳೆದರು.

"ಗಿರಾಕಿಗಳೂ ಆಗ ಬರಲ್ಲ, ನೋಡಿದ್ದೀನಿ," ಎಂದಳು ಅಕ್ಕ, ದನಿ ಸ್ವಲ್ಪ ಇಳಿಸಿ. "ಯಾರೂ ಬೇರೆ ದೋಣಿ ಹತ್ತಲ್ಲ. ಹತ್ತೋಕೆ ಯಾವ ದೋಣಿಯೂ ಹೊರಡಲ್ಲ. ಆರು ವಾರ ಮುಗಿದು ಐದನೇ ದಿನಕ್ಕೆ ಲೈಸೆನ್ಸು."

ಭಾವ ಹಾಳೆಯ ಮೇಲಿನ ಬೆರಳನ್ನು ತೆಗೆದರು. ಆ ಮೇಲೆ, "ಮೊದಲು ಎಡಗಣ್ಣು ಮಾಡಿಸ್ತೀನಿ" ಎಂದರು. "ಬಲಗಣ್ಣು ಇನ್ನೂ ಸುಮಾರಾಗಿದೆ."

ಗಾಳಿವಾರದ ಮೊದಲ ಸೋಮವಾರ ಎಡಗಣ್ಣು ಆಯಿತು. ಪಟ್ಟಿ ತೆಗೆದ ದಿನ ಮನೆಗೆ ಬಂದು ಅಡುಗೆಮನೆ ನೋಡಿ ಬೆಚ್ಚಿದರು.

"ಗೋಡೆಗೆ ಯಾವಾಗ ನೀಲಿ ಹೊಡೆಸಿದ್ಯೇ?"

"ಹೋದ ವರ್ಷ. ಹೊಡೆದಿದ್ದು ನೀವೇ."

"ನಾನು ಹಸಿರು ಹೊಡೆದೆ!"

ಮನೆಯಲ್ಲಿ ಕೂತ ಭಾವನನ್ನು ಸಹಿಸುವುದು ಅಕ್ಕನಿಗೆ ಪೊರೆಗಿಂತ ಹೊರೆಯಾಯಿತು. ಒಂದು ಕಣ್ಣು ಹೊಸದು, ಮಾಡಲು ಕೆಲಸವಿಲ್ಲ. ಕುರ್ಚಿಯಲ್ಲಿ ಕೂತಲ್ಲಿಂದಲೇ ಮನೆ ಕಾವಲು. "ಲೇ, ಮೂರು ಗಂಟೆ, ಆರಡಿ, ಜಿರಳೆ. ಎಡಕ್ಕೆ ಹೋಗ್ತಿದೆ. ಅಲ್ಲಾಡ್ಬೇಡ." ಅಕ್ಕ ಪೊರಕೆ ಎಸೆಯುತ್ತಿದ್ದಳು. "ಹಿಂದಾಯ್ತು. ಅದರ ಮೂಗಿನ ಮುಂದೆ ಬೀಳ್ಬೇಕು." ಎರಡು ವಾರಕ್ಕೆ ಬಲಗಣ್ಣಾಯಿತು. ಜಿರಳೆಗಳ ಸಂಖ್ಯೆ ಇಮ್ಮಡಿಯಾಯಿತು.

ಹೊರಗೆ ಗಾಳಿ ಹಂಚು ಎತ್ತುವ ಹಾಗೆ ಬೀಸುತ್ತಿತ್ತು. ಭಾವನಿಗೆ ಅದೇ ನೆಮ್ಮದಿ. ನಾಲ್ಕನೆಯ ವಾರದ ಬುಧವಾರ ಬೆಳಿಗ್ಗೆ ಗಾಳಿ ನಿಂತಿತು. ಹೇಳದೆ ಕೇಳದೆ, ಸ್ವಿಚ್ ಆರಿಸಿದ ಹಾಗೆ. ನೀರು ಗಾಜಿನಂತೆ ಮಲಗಿತು. ಅಕ್ಕ ಡಿಪೋಗೆ ಹೊರಡುವವಳು ಬಾಗಿಲಲ್ಲೇ ನಿಂತಳು. ನನಗೆ ಫೋನ್ ಬಂತು.

ಹೋದಾಗ ಭಾವ ಕಪ್ಪು ಕನ್ನಡಕ ಹಾಕಿಕೊಂಡು ಹಿತ್ತಲ ಬಾಗಿಲಿನಲ್ಲಿ ನಿಂತಿದ್ದರು. ಗಳ ಅಲ್ಲೇ ಗೋಡೆಗೆ ಒರಗಿತ್ತು. ಕೈ ಅದರ ಮೇಲಿರಲಿಲ್ಲ, ಪಕ್ಕದಲ್ಲಿತ್ತು.

"ಅವ್ರು ಬಂದಿರ್ತಾರೆ ಕಣಯ್ಯ."

"ಬಂದಿರಬಹುದು ಭಾವ."

ಭಾವ ನನ್ನನ್ನು ನೋಡಿದರು. ಕನ್ನಡಕ ಇದ್ದುದರಿಂದ ಹೇಗೆ ನೋಡಿದರೆಂದು ಗೊತ್ತಾಗಲಿಲ್ಲ.

"ನೀನು ಹೋಗಿ ನೋಡ್ಕೊಂಡು ಬಾ. ಹುಲ್ಲು ಮುಗಿದು ಮರಳು ಶುರುವಾಗೋ ಅಂಚು. ಸೊಂಟ ಬಗ್ಗಿಸಿ ನಡಿ."

ಪ್ಯಾಂಟು ಮಡಿಚಿಕೊಂಡು ಅರ್ಧ ಗಂಟೆ ನೀರಿನಲ್ಲಿ ನಡೆದೆ. ಅಂಚಿಗೆ ಹೋಗಿ ನಿಂತ ಸ್ವಲ್ಪ ಹೊತ್ತಿಗೆ, ಇಪ್ಪತ್ತು ಅಡಿ ಆಚೆ, ನೀರಿನ ಮೇಲೆ ಕಪ್ಪು ಕುಡುಗೋಲಿನಂಥ ಎರಡು ಬಾಲಗಳು ಎದ್ದವು. ತಲೆ ಕೆಳಗೆ ಮಾಡಿ ಏಡಿ ಕೆದಕುತ್ತಿದ್ದವು. ಎರಡೂ ತಟ್ಟೆಯಷ್ಟಗಲ. ನಾನು ಕೆಮ್ಮಿದೆ, ಹೋದವು.

ದಾರಿಯುದ್ದಕ್ಕೂ ಮುಖವನ್ನು ಸರಿಮಾಡಿಕೊಂಡು ಮನೆಗೆ ಬಂದೆ.

"ಏನೂ ಇಲ್ಲ ಭಾವ. ಬರೀ ನೀರು."

"ಎಷ್ಟಿದ್ವು?"

"ಎರಡು."

ಭಾವ ಒಳಗೆ ಹೋದರು. ಗಳ ಹೊರಗೇ ಇತ್ತು. ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆದರು: 'ಗಾಳಿ ಇಲ್ಲ. ಬೀಗರು ಎರಡು. ನೋಡಿದ್ದು ಬಾಮೈದ. ಮೊದಲು ಸುಳ್ಳು ಹೇಳಿದ.' ಆ ಮೇಲೆ ಕುರ್ಚಿ ಎಳೆದು ಕೂತು, ಸಂಜೆ ಅಕ್ಕ ಬರುವವರೆಗೆ ಎದ್ದಿರಲಿಲ್ಲವಂತೆ. ಜಿರಳೆ ಬಂದರೂ ಗಂಟೆ ಹೇಳಲಿಲ್ಲವಂತೆ. ಶುಕ್ರವಾರ ಗಾಳಿ ಮತ್ತೆ ಎದ್ದಿತು.

ಆರು ವಾರ ಮುಗಿದ ಮೇಲೆ ಡಾಕ್ಟರಮ್ಮ ಅಕ್ಷರದ ಹಲಗೆ ಓದಿಸಿದರು. ಭಾವ ಕೊನೆಯ ಸಾಲನ್ನೂ ಓದಿ, ಅದರ ಕೆಳಗೆ ಇರುವೆ ಸಾಲಿನಂತೆ ಅಚ್ಚಾಗಿದ್ದ ಪ್ರೆಸ್ಸಿನ ಹೆಸರನ್ನೂ ಓದಿದರು. ಬಂದರು ಕಚೇರಿಯ ಗುಮಾಸ್ತರು ಸರ್ಟಿಫಿಕೇಟಿನ ಎರಡೂ ಮಗ್ಗುಲು ನೋಡಿ ಠಸ್ಸೆ ಒತ್ತಿದರು. ಐದು ವರ್ಷಕ್ಕೆ ಆಯಿತು.

ಮರುದಿನವೇ ದೋಣಿ. ಹುಣ್ಣಿಮೆಯ ಎರಡನೆಯ ದಿನ, ಮೆತ್ತನೆಯ ಏಡಿಯ ಕಾಲ, ಒಂಬತ್ತಕ್ಕೆ ಉಬ್ಬರ. ಮುಂದೆ ಹಲ್ಲಿನ ಡಾಕ್ಟರು, ನಡುವೆ ಪೆಟ್ಟಿಗೆಯ ಮೇಲೆ ನಾನು, ಹಿಂದೆ ಅಟ್ಟಣೆಯ ಮೇಲೆ ಭಾವ. ಅಕ್ಕನನ್ನೂ ಕರೆದಿದ್ದೆವು. ಬೆಳಗಿನ ಪಾಳಿ ಇದೆ ಎಂದಳು.

ಭಾವ ಗಳವನ್ನು ಮರಳಿಗೆ ಒತ್ತಿ ದೋಣಿ ನಿಲ್ಲಿಸಿ, ಸುತ್ತಲೂ ಒಂದು ಸಲ ನೋಡಿದರು. ಅವರ ಮುಖದಲ್ಲಿ ನಾನು ಮೊದಲ ಸಲ ಏನೋ ಒಂದು ಕಂಡೆ. ನೆಗಡಿಯೂ ಇದ್ದಿರಬಹುದು.

"ಬೀಗರು. ಹತ್ತು ಗಂಟೆ, ಐವತ್ತೈದಡಿ. ಮೂರಿವೆ. ನಡುವಿನದರ ಬಾಲದ ತುದಿ ಹರಿದಿದೆ."

ಡಾಕ್ಟರು ಎಸೆದರು. ನೀರು ಒಡೆಯಿತು. ಬೀಗರು ಎದ್ದು ಹೊರಟರು.

"ಇರ್ಲಿ. ಒಂದು ಗಂಟೆ, ನಲವತ್ತು. ಒಂಟಿ. ನಮ್ಮ ಕಡೆಗೇ ಬರ್ತಿದೆ."

ಎಸೆದರು. ಅದೂ ಹೋಯಿತು. ಆ ಮೇಲೆ ಹನ್ನೊಂದು ಗಂಟೆಗೆ ಎರಡು, ಎರಡು ಗಂಟೆಗೆ ಒಂದು, ಮತ್ತೆ ಒಂಬತ್ತಕ್ಕೆ ನಾಲ್ಕು. ಅಷ್ಟು ಬೀಗರನ್ನು ಒಂದೇ ಬೆಳಿಗ್ಗೆ ಭಾವ ಯಾವ ವರ್ಷವೂ ಕಂಡಿರಲಿಲ್ಲ. ಪ್ರತಿಯೊಂದನ್ನೂ ಅಡಿ, ಗಂಟೆ, ಮೂತಿ ಯಾವ ಕಡೆ ಎನ್ನುವುದರ ಸಮೇತ ತೋರಿಸಿದರು. ಇಳಿತ ಶುರುವಾಗಿ ನೀರು ಕಣಕಾಲಿಗೆ ಬಂದಾಗ ಡಾಕ್ಟರು ಕೋಲನ್ನು ಕೆಳಗಿಟ್ಟು, ಟೋಪಿ ತೆಗೆದು, ದೋಣಿಯ ಅಂಚಿನಲ್ಲಿ ಕೂತರು. ಒಂದು ಮೀನೂ ಸಿಕ್ಕಿರಲಿಲ್ಲ.

"ಒಂದು ಮಾತು ಕೇಳ್ತೀನಿ, ನಿಜ ಹೇಳಿ," ಎಂದರು. "ಎರಡು ವರ್ಷ ನಿಮಗೆ ಕಣ್ಣು ಕಾಣ್ತಿರ್ಲಿಲ್ಲ. ಆ ಎರಡು ವರ್ಷದಲ್ಲಿ ನಾನು ಏಳು ಬೀಗರನ್ನ ಹಿಡಿದೆ. ಊರಲ್ಲಿ ಯಾರೂ ಅಷ್ಟು ಹಿಡಿದಿಲ್ಲ. ನೀವು ಗಳದ ತುದಿಯಿಂದಲೇ ತಳ ಓದ್ತೀರಿ, ಕಾಲ ಗಾಳಿ ಎಲ್ಲ ನಿಮ್ಮ ಮೈಯಲ್ಲೇ ಇದೆ, ನಿಮಗೆ ಕಣ್ಣೇ ಬೇಕಾಗಿಲ್ಲ ಅಂತ ನಾನು ಎಲ್ಲರಿಗೂ ಹೇಳ್ಕೊಂಡು ತಿರುಗ್ತಿದ್ದೀನಿ. ಇವತ್ತು ನಿಮಗೆ ಮೀನಿನ ಬಾಲ ಹರಿದಿರೋದೂ ಕಾಣ್ತಿದೆ, ನನಗೆ ಒಂದೂ ಸಿಗ್ಲಿಲ್ಲ. ಆಗ ಹೇಗೆ ಸಿಗ್ತಿತ್ತು?"

ಭಾವ ಗಳವನ್ನು ಮರಳಿನಿಂದ ಕಿತ್ತು, ತುದಿಗೆ ಹತ್ತಿದ ಹುಲ್ಲನ್ನು ತೆಗೆದರು.

"ಆಗ ನಾನು ತಪ್ಪು ಕಡೆ ತೋರಿಸ್ತಿದ್ದೆ, ನೀವು ತಪ್ಪು ಕಡೆ ಎಸೀತಿದ್ರಿ ಡಾಕ್ಟ್ರೇ," ಎಂದರು. "ಈಗ ರಿಪೇರಿ ಆಗಿರೋದು ನಾನೊಬ್ಬನೇ."